ಬೀಗದಕೈ ಮನೆಯೊಳಗೇ ಇತ್ತು

ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಬಿ.ಕಾಂ. ಡೆಬಿಟ್ಟು, ಕ್ರೆಡಿಟ್ಟು ಬಿಟ್ಟರೆ ಬೇರೆ ಶಾಸ್ತ್ರ ಗೊತ್ತಿಲ್ಲ. ಜೀವಶಾಸ್ತ್ರದ ಜತೆಗಿನ ನನ್ನ ಖಾತೆ ಎಸ್ಸೆಸ್ಸೆಲ್ಸಿಯಲ್ಲೇ ಬಂದ್ ಆಗಿತ್ತು. ಅಂಥವನು ಬ್ಯಾಕ್ಟೀರಿಯಾದ ಇತಿಹಾಸ ಬರೆಯಲು ಕೂತಿದ್ದಾನೆ ಎಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ, ಆದರೆ ಕೊನೆಯ ತನಕ ಓದಿ. ನಮ್ಮಂಥ ಊರು ಬಿಟ್ಟು ಬಂದವರ ಕತೆಯೂ ಇದರಲ್ಲಿ ಸ್ವಲ್ಪ ಇದೆ.

ಇದಕ್ಕೆಲ್ಲ ಕಾರಣ ನನ್ನ ಮಗಳು. ಅವಳು ಇಲ್ಲೇ ಮುಂಬಯಿಯಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿ ಓದುತ್ತಿದ್ದಾಳೆ. ಒಂದು ಭಾನುವಾರ ದೋಸೆ ತಿನ್ನುತ್ತ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಗಾಜಿನ ತಟ್ಟೆಯೊಂದರ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಕೆಲವು ಬಿಳಿ, ಕೆಲವು ನೀಲಿ.

"ಅಪ್ಪ, ನೀಲಿ ಇರೋದೆಲ್ಲ ಆ ಕಿಣ್ವ ತಯಾರಿಸ್ತಾ ಇರೋ ಬ್ಯಾಕ್ಟೀರಿಯಾ. ಬಿಳಿದು ತಯಾರಿಸ್ತಾ ಇಲ್ಲ."

"ಯಾವ ಕಿಣ್ವ?"

"ಹಾಲಿನ ಸಕ್ಕರೆ ಒಡೆಯೋದು. ಬೀಟಾ-ಗ್ಯಾಲಕ್ಟೋಸಿಡೇಸ್ ಅಂತ. ಹಾಲಿನ ಸಕ್ಕರೆ ಇದ್ರೆ ಮಾತ್ರ ತಯಾರಿಸುತ್ತೆ. ಇಲ್ದಿದ್ರೆ ಸುಮ್ನೆ ಖರ್ಚು ಯಾಕೆ ಅಂತ ಅದರ ಜೀನನ್ನ ಬೀಗ ಹಾಕಿ ಇಟ್ಟಿರುತ್ತೆ."

ಖರ್ಚು ಎಂಬ ಮಾತು ಬಂದದ್ದೇ ನನ್ನ ಕಿವಿ ನೆಟ್ಟಗಾಯಿತು. ಕೆಲಸವಿಲ್ಲದ ಕೌಂಟರಿಗೆ ಸಿಬ್ಬಂದಿ ಹಾಕದ ಮ್ಯಾನೇಜರನ್ನು ನಾನು ಬಲ್ಲೆ. ಆದರೆ ಲೆಕ್ಕ ತಾಳೆಯಾಗಲಿಲ್ಲ. "ಬೀಗ ತೆಗೆಯೋದು ಯಾರು?" ಎಂದೆ. ಹಾಲಿನ ಸಕ್ಕರೆಯಿಂದ ಆಗುವ ಇನ್ನೊಂದು ಸಕ್ಕರೆ, ಅದೇ ಬೀಗದಕೈ ಎಂದಳು. "ಆ ಇನ್ನೊಂದು ಸಕ್ಕರೆಯನ್ನು ಮಾಡೋದು ಯಾರು?" ಅದೇ ಕಿಣ್ವ ಎಂದಳು! ಅಂದರೆ ಕಿಣ್ವ ಬೇಕಾದರೆ ಬೀಗ ತೆಗೆಯಬೇಕು, ಬೀಗ ತೆಗೆಯಬೇಕಾದರೆ ಕಿಣ್ವ ಬೇಕು. ರೇಶನ್ ಕಾರ್ಡಿಗೆ ವಿಳಾಸದ ಪುರಾವೆ ಬೇಕು, ವಿಳಾಸದ ಪುರಾವೆಗೆ ರೇಶನ್ ಕಾರ್ಡ್ ಬೇಕು... ಮುಂಬಯಿಗೆ ಬಂದ ಯಾರಿಗೆ ಈ ಸುತ್ತು ಗೊತ್ತಿಲ್ಲ ಹೇಳಿ?

"ಹಾಗಾದ್ರೆ ಮೊದಲ ಸಲ ಬಾಗಿಲು ತೆರೆದದ್ದು ಹೇಗೆ?" ಎಂದು ಕೇಳಿದೆ. ಮಗಳು ನಕ್ಕು, "ಓದು ಅಪ್ಪ, ಚೆನ್ನಾಗಿದೆ ಕತೆ" ಎಂದು ಎರಡು ಪುಸ್ತಕ ಕೊಟ್ಟಳು. ಎರಡು ತಿಂಗಳು ಮುಲುಂದ್ ಲೋಕಲ್ಲಿನಲ್ಲಿ ಕೂತು, ಕೂರಲು ಜಾಗ ಸಿಗದ ದಿನ ನಿಂತು, ಓದಿದೆ. ಅರ್ಥವಾಗದ್ದನ್ನು ರಾತ್ರಿ ಮಗಳ ಹತ್ತಿರ ಹೇಳಿಸಿಕೊಂಡೆ. ಹಾಗೆ ಗೊತ್ತಾದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

*

ಕತೆ ಶುರುವಾಗುವುದು 1940ರ ಪ್ಯಾರಿಸ್ಸಿನಲ್ಲಿ. ಆ ಜೂನ್‌ನಲ್ಲಿ ಜರ್ಮನ್ ಸೈನ್ಯ ಊರಿಗೆ ಹೊಕ್ಕಿತ್ತು. ಸೊರ್ಬಾನ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಜಾಕ್ ಮೊನೋ ಎಂಬ ಮೂವತ್ತು ವರ್ಷದವನು ಬ್ಯಾಕ್ಟೀರಿಯಾ ಬೆಳೆಸುತ್ತ ಡಾಕ್ಟರೇಟ್ ಪ್ರಬಂಧ ಬರೆಯುತ್ತಿದ್ದ. ಮನುಷ್ಯ ಬಹಳ ಬುದ್ಧಿವಂತ, ಆದರೆ ಒಂದು ಕಡೆ ನಿಲ್ಲುವವನಲ್ಲ. ಚೆಲ್ಲೋ ವಾದ್ಯ ನುಡಿಸುತ್ತಿದ್ದ, ಗಾಯಕವೃಂದ ನಡೆಸುತ್ತಿದ್ದ, ಸಂಗೀತಕ್ಕೇ ಹೋಗಿಬಿಡಲೇ ಎಂದು ಯೋಚಿಸುತ್ತಿದ್ದ. 1934ರಲ್ಲಿ ಒಂದು ಸಂಶೋಧನಾ ಹಡಗಿನಲ್ಲಿ ಗ್ರೀನ್‌ಲ್ಯಾಂಡಿಗೆ ಹೋಗಿಬಂದಿದ್ದ. 1936ರಲ್ಲಿ ಮತ್ತೆ ಅದೇ ಹಡಗು ಹತ್ತುವವನಿದ್ದ. ಅಷ್ಟರಲ್ಲಿ ಬೋರಿಸ್ ಎಫ್ರುಸಿ ಎಂಬ ವಿಜ್ಞಾನಿ ಅವನನ್ನು ಒಪ್ಪಿಸಿ, ಜೀನ್ ವಿದ್ಯೆ ಕಲಿಯಲು ಅಮೆರಿಕದ ಕ್ಯಾಲ್ಟೆಕ್‌ಗೆ ಕರೆದುಕೊಂಡು ಹೋದ. ಆ ಸೆಪ್ಟೆಂಬರಿನಲ್ಲಿ ಹಡಗು ಐಸ್‌ಲ್ಯಾಂಡಿನ ಬಂಡೆಗಳಿಗೆ ಬಡಿದು ಮುಳುಗಿತು. ಬದುಕಿ ಉಳಿದವನು ಒಬ್ಬನೇ.

ಅವನ ಪ್ರಯೋಗ ನೋಡಲು ಬಲು ಸರಳ. ಬ್ಯಾಕ್ಟೀರಿಯಾಕ್ಕೆ ಸಕ್ಕರೆ ನೀರು ಕೊಡುವುದು, ಆಗಾಗ ದ್ರಾವಣ ಎಷ್ಟು ಮಬ್ಬಾಗಿದೆ ಎಂದು ಅಳೆಯುವುದು. ಮಬ್ಬು ಜಾಸ್ತಿಯಾದರೆ ಸಂಖ್ಯೆ ಜಾಸ್ತಿ. ಒಂದೇ ಸಕ್ಕರೆ ಕೊಟ್ಟಾಗ ಗೆರೆ ಏರಿ, ಸಕ್ಕರೆ ಮುಗಿದ ಮೇಲೆ ಚಪ್ಪಟೆಯಾಗುತ್ತಿತ್ತು. ಎರಡು ಸಕ್ಕರೆ ಬೆರೆಸಿ ಕೊಟ್ಟಾಗ ಕೆಲವು ಜೋಡಿಗಳಲ್ಲಿ ಒಂದು ವಿಚಿತ್ರ ಕಂಡಿತು. ಗೆರೆ ಏರಿತು, ನಿಂತಿತು, ಸ್ವಲ್ಪ ಹೊತ್ತು ಹಾಗೇ ಮಲಗಿತು, ಆಮೇಲೆ ಮತ್ತೆ ಏರಿತು. ಎರಡು ಗುಡ್ಡ, ನಡುವೆ ಒಂದು ಬಯಲು. ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಎರಡನ್ನೂ ಬಡಿಸಿದರೆ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸ್ ಪೂರ್ತಿ ಮುಗಿಸುತ್ತದೆ. ಆಮೇಲೆ ಸ್ವಲ್ಪ ಸುಧಾರಿಸಿಕೊಂಡು ಲ್ಯಾಕ್ಟೋಸ್‌ಗೆ ಕೈ ಹಾಕುತ್ತದೆ. ಎಲೆಯ ಮೇಲೆ ಪಾಯಸವೂ ಇದೆ, ಅನ್ನವೂ ಇದೆ, ಆದರೆ ಮಗು ಪಾಯಸ ಮುಗಿಯುವ ತನಕ ಅನ್ನ ಮುಟ್ಟುವುದಿಲ್ಲ. ಮೊನೋ ಇದಕ್ಕೆ ಎರಡು ಬೆಳವಣಿಗೆ ಎಂಬ ಅರ್ಥದಲ್ಲಿ 'ಡಯಾಕ್ಸಿ' ಎಂದು ಹೆಸರಿಟ್ಟ.

ಆ ನಡುವಿನ ಬಯಲಿನಲ್ಲಿ ಏನು ನಡೆಯುತ್ತಿದೆ? 1940ರ ಡಿಸೆಂಬರಿನಲ್ಲಿ ಅವನು ತನ್ನ ಗೆರೆಗಳನ್ನು ಹಿಡಿದುಕೊಂಡು ಪಾಶ್ಚರ್ ಸಂಸ್ಥೆಯ ಆಂದ್ರೆ ಲ್ವಾಫ್ ಬಳಿ ಹೋದ. ಇದು ಕಿಣ್ವಗಳ ಹೊಂದಾಣಿಕೆ ಇರಬಹುದು ಎಂದರು ಲ್ವಾಫ್. ಮೊನೋಗೆ ಆ ಮಾತೇ ಹೊಸದು, ಹಾಗೆಂದರೇನು ಎಂದು ಕೇಳಿದ! ಕೆಲವು ಕಿಣ್ವಗಳು ಯಾವಾಗಲೂ ಇರುತ್ತವೆ, ಕೆಲವು ಆಹಾರ ಎದುರಿಗೆ ಬಂದಾಗ ಮಾತ್ರ ತಯಾರಾಗುತ್ತವೆ ಎಂದು ಫಿನ್‌ಲ್ಯಾಂಡಿನ ಕಾರ್‌ಸ್ಟ್ರಾಮ್ 1930ರ ದಶಕದಲ್ಲೇ ಬರೆದಿದ್ದರು. ಲ್ವಾಫ್ ಆ ದಾರಿ ತೋರಿಸಿದರು. ಇದನ್ನೆಲ್ಲ ಮೊನೋ ಮುಂದೆ ನೊಬೆಲ್ ಭಾಷಣದಲ್ಲಿ ತಾನೇ ಹೇಳಿಕೊಂಡಿದ್ದಾನೆ, ನಾಚಿಕೆಯಿಲ್ಲದೆ. ನನಗೆ ಅವನು ಇಷ್ಟವಾದದ್ದು ಅಲ್ಲೇ.

*

ಆದರೆ ಅದು ಗೆರೆ ಎಳೆಯುತ್ತ ಕೂರುವ ಕಾಲವಾಗಿರಲಿಲ್ಲ. ಅವನ ಹೆಂಡತಿ ಓಡೆಟ್ ಪ್ಯಾರಿಸ್ಸಿನ ಗಿಮೆ ಮ್ಯೂಸಿಯಂನ ವಿದ್ವಾಂಸೆ, ಪೌರ್ವಾತ್ಯ ಕಲೆ ಬಲ್ಲವಳು, ಹುಟ್ಟಿನಿಂದ ಯಹೂದಿ. ನಾಜಿಗಳ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಅವಳಿ ಗಂಡುಮಕ್ಕಳು. ಮೊನೋ ಭೂಗತ ಹೋರಾಟಕ್ಕೆ ಸೇರಿದ. ಸೊರ್ಬಾನ್‌ನ ಅವನ ಕೋಣೆಯ ಹೊರಗೆ ಒಂದು ಜಿರಾಫೆಯ ಅಸ್ಥಿಪಂಜರ ನಿಂತಿತ್ತಂತೆ. ಅದರ ಟೊಳ್ಳು ಕಾಲಿನ ಮೂಳೆಗಳಲ್ಲಿ ಗುಪ್ತ ಕಾಗದಪತ್ರ ಅಡಗಿಸಿಡುತ್ತಿದ್ದ. ಗೆಸ್ಟಾಪೋ ಹತ್ತಿರ ಬಂದಾಗ ಸೊರ್ಬಾನ್ ಬಿಟ್ಟ. ಪ್ರಯೋಗ ಬಿಡಲಿಲ್ಲ, ಲ್ವಾಫ್ ತಮ್ಮ ಪ್ರಯೋಗಾಲಯದಲ್ಲಿ ಜಾಗ ಕೊಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ಮೊನೋ ಆ ಹೋರಾಟದ ಸೇನಾ ನಾಯಕರ ಸಾಲಿಗೆ ಬಂದಿದ್ದ.

ಹೋರಾಟಕ್ಕಾಗಿ ಸೇರಿದ್ದ ಕಮ್ಯುನಿಸ್ಟ್ ಪಕ್ಷದಿಂದ ಅವನು ಯುದ್ಧದ ನಂತರ ದೂರವಾದ. 1948ರಲ್ಲಿ ಸೋವಿಯೆತ್ ರಷ್ಯಾದಲ್ಲಿ ಲೈಸೆಂಕೋ ಎಂಬವನ ಮಾತು ಕೇಳಿ ಸರಕಾರವೇ ಜೀನ್ ವಿಜ್ಞಾನವನ್ನು ಸುಳ್ಳೆಂದು ಸಾರಿತು. ಪರಿಸರ ಹೇಗೆ ಬಾಗಿಸಿದರೆ ಜೀವಿ ಹಾಗೆ ಬಾಗುತ್ತದೆ, ಬಾಗಿದ್ದು ಮಕ್ಕಳಿಗೂ ಬರುತ್ತದೆ ಎಂಬ ವಾದ. ಆ ಸೆಪ್ಟೆಂಬರಿನಲ್ಲಿ ಮೊನೋ 'ಕೊಂಬಾ' ಪತ್ರಿಕೆಯಲ್ಲಿ ಇದನ್ನು ಕಟುವಾಗಿ ಖಂಡಿಸಿ ಬರೆದ. ಇಲ್ಲಿ ಒಂದು ವಿಷಯ ಗಮನಿಸಿ. ಆಹಾರ ಎದುರು ಬಂದಾಗ ಬ್ಯಾಕ್ಟೀರಿಯಾ ಅದಕ್ಕೆ ಬೇಕಾದ ಕಿಣ್ವ ಮಾಡಿಕೊಳ್ಳುತ್ತದೆ ಎಂಬುದು ಮೇಲುನೋಟಕ್ಕೆ ಲೈಸೆಂಕೋನ ಮಾತಿನ ಹಾಗೇ ಕಾಣುತ್ತದೆ! ಹಾಗಾಗಿ ಇದು ಹೇಗೆ ನಡೆಯುತ್ತದೆ ಎಂದು ಖಚಿತವಾಗಿ ತಿಳಿಯುವುದು ಮೊನೋಗೆ ಕೇವಲ ಸಕ್ಕರೆಯ ಪ್ರಶ್ನೆಯಾಗಿರಲಿಲ್ಲ. ಸತ್ಯವನ್ನು ತೀರ್ಮಾನಿಸುವುದು ಪ್ರಯೋಗವೋ ಸರಕಾರವೋ ಎಂಬ ಪ್ರಶ್ನೆಯಾಗಿತ್ತು.

*

ಆಗಿನ ಸಾಮಾನ್ಯ ನಂಬಿಕೆ ಏನೆಂದರೆ, ಸಕ್ಕರೆಯೇ ಅಚ್ಚಿನ ಹಾಗೆ ಕಿಣ್ವವನ್ನು ರೂಪಿಸುತ್ತದೆ ಎಂದು. ಮೆಲ್ವಿನ್ ಕೋನ್ ಎಂಬ ಅಮೆರಿಕನ್ ಬಂದು ಸೇರಿಕೊಂಡ ಮೇಲೆ ಮೊನೋ ಅದನ್ನು ಪರೀಕ್ಷಿಸಲು ಹೊರಟ. ಹಾಲಿನ ಸಕ್ಕರೆಯನ್ನು ಹೋಲುವ ಕೆಲವು ರಾಸಾಯನಿಕಗಳನ್ನು ಬ್ಯಾಕ್ಟೀರಿಯಾಕ್ಕೆ ಕೊಟ್ಟರು. ಇವುಗಳಲ್ಲಿ ಕೆಲವನ್ನು ಕಿಣ್ವ ಒಡೆಯಲಾರದು, ಬ್ಯಾಕ್ಟೀರಿಯಾಕ್ಕೆ ಅದರಿಂದ ಒಂದು ತುತ್ತೂ ಸಿಗದು. ಆದರೂ ಅವುಗಳನ್ನು ಕಂಡದ್ದೇ ಬ್ಯಾಕ್ಟೀರಿಯಾ ರಾಶಿ ರಾಶಿ ಕಿಣ್ವ ತಯಾರಿಸಿತು! ತದ್ವಿರುದ್ಧವಾಗಿ, ಕಿಣ್ವ ಸಲೀಸಾಗಿ ಒಡೆಯುವ ಕೆಲವು ವಸ್ತುಗಳು ಕಿಣ್ವದ ತಯಾರಿಕೆಯನ್ನು ಎಬ್ಬಿಸಲೇ ಇಲ್ಲ. ಅಂದರೆ ಕೆಲಸ ಬೇರೆ, ಕೆಲಸಕ್ಕೆ ಬರುವ ಆರ್ಡರ್ ಬೇರೆ. ಇವತ್ತೂ ಮಗಳ ಲ್ಯಾಬಿನ ಫ್ರೀಜರಿನಲ್ಲಿ ಅಂಥದ್ದೊಂದು ಪುಡಿ ಇದೆ, ಐಪಿಟಿಜಿ ಎಂದು. ಕಿಣ್ವಕ್ಕೆ ಅದನ್ನು ಜೀರ್ಣಿಸಲು ಬಾರದು, ಆದರೆ ಬೀಗ ಮಾತ್ರ ತೆರೆಯುತ್ತದೆ.

ಮೊನೋ 1950ರ ದಶಕದ ಮೊದಲಲ್ಲಿ ತನ್ನದೇ ಒಂದು ದೊಡ್ಡ ಸಿದ್ಧಾಂತ ಕಟ್ಟಿದ್ದ. ಎಲ್ಲ ಕಿಣ್ವಗಳನ್ನೂ ಯಾವುದೋ ವಸ್ತು ಎಬ್ಬಿಸಲೇಬೇಕು, ಯಾವಾಗಲೂ ತಯಾರಾಗುವ ಕಿಣ್ವಗಳಿಗೆ ಆ ವಸ್ತು ಜೀವಕೋಶದ ಒಳಗೇ ಇರುತ್ತದೆ ಎಂದು. ಚಂದದ ಸಿದ್ಧಾಂತ. ಅದನ್ನು ಕೆಡವಿದ್ದು ಅವನದೇ ಪ್ರಯೋಗ. 1957ರಿಂದ ಆರ್ಥರ್ ಪಾರ್ಡಿ ಮತ್ತು ಫ್ರಾನ್ಸ್ವಾ ಜಾಕೋಬ್ ಜತೆ ಸೇರಿ ನಡೆಸಿದ ಆ ಪ್ರಯೋಗಕ್ಕೆ ಮೂವರ ಹೆಸರಿನ ಮೊದಲಕ್ಷರ ಸೇರಿಸಿ 'ಪಾಜಾಮೊ' ಎನ್ನುತ್ತಾರೆ. (ನಮ್ಮ ಪೈಜಾಮ ನೆನಪಾದರೆ ತಪ್ಪಲ್ಲ, ಅವರೂ ಹಾಗೇ ತಮಾಷೆ ಮಾಡುತ್ತಿದ್ದರು.) ಜಾಕೋಬ್ ಸರ್ಜನ್ ಆಗಬೇಕೆಂದಿದ್ದವನು. 1944ರ ಯುದ್ಧದಲ್ಲಿ ಆದ ಗಾಯಗಳಿಂದ ಆ ಆಸೆ ಮುಗಿದು, 1950ರಲ್ಲಿ ಪಾಶ್ಚರ್ ಸಂಸ್ಥೆಗೆ ಬಂದು ಸೇರಿದ್ದ.

ಪ್ರಯೋಗ ಹೀಗೆ. ಬ್ಯಾಕ್ಟೀರಿಯಾಗಳಲ್ಲೂ ಒಂದು ಇನ್ನೊಂದಕ್ಕೆ ಜೀನ್‌ಗಳನ್ನು ದಾಟಿಸುವ ಪದ್ಧತಿ ಇದೆ. ಸರಿಯಾದ ಕಿಣ್ವದ ಜೀನ್ ಮತ್ತು ಸರಿಯಾದ ನಿಯಂತ್ರಣದ ಜೀನ್ ಎರಡನ್ನೂ, ಎರಡೂ ಕೆಟ್ಟುಹೋಗಿರುವ ಬ್ಯಾಕ್ಟೀರಿಯಾಕ್ಕೆ ದಾಟಿಸಿದರು. ಎಬ್ಬಿಸುವ ವಸ್ತು ಏನೂ ಹಾಕಲಿಲ್ಲ. ಮೊನೋನ ಸಿದ್ಧಾಂತದ ಪ್ರಕಾರ ಕಿಣ್ವ ನಿಲ್ಲದೆ ತಯಾರಾಗುತ್ತಲೇ ಇರಬೇಕಿತ್ತು. ಜೀನ್ ಒಳಹೊಕ್ಕ ಕೆಲವೇ ನಿಮಿಷಗಳಲ್ಲಿ ಕಿಣ್ವ ತಯಾರಾಗತೊಡಗಿತು. ಆದರೆ ಸ್ವಲ್ಪ ಹೊತ್ತಿನ ಮೇಲೆ ಅದು ತಾನಾಗಿ ನಿಂತಿತು! ನಿಂತ ಮೇಲೆ ಎಬ್ಬಿಸುವ ವಸ್ತು ಹಾಕಿದರೆ ಮತ್ತೆ ಶುರು. ಅರ್ಥ ಸ್ಪಷ್ಟ: ಕಿಣ್ವ ತಯಾರಾಗುವುದೇ ಜೀನ್‌ನ ಸಹಜ ಗುಣ. ನಿಯಂತ್ರಣದ ಜೀನ್ ನಿಧಾನವಾಗಿ ಒಂದು ತಡೆಯುವ ವಸ್ತುವನ್ನು ಮಾಡಿ ಅದನ್ನು ನಿಲ್ಲಿಸುತ್ತದೆ. ಸಕ್ಕರೆ ಬಂದು ಮಾಡುವುದು ಎಬ್ಬಿಸುವ ಕೆಲಸವಲ್ಲ, ತಡೆಯನ್ನು ತೆಗೆಯುವ ಕೆಲಸ. ಹೀಗಿರಬಹುದು ಎಂದು ಪ್ಯಾರಿಸ್ಸಿಗೆ ಬಂದಿದ್ದ ಭೌತವಿಜ್ಞಾನಿ ಲಿಯೋ ಝಿಲಾರ್ಡ್ ಕೂಡ ವಾದಿಸಿದ್ದರು. ಮೊನೋ ತನ್ನ ಸಿದ್ಧಾಂತವನ್ನು ಬಿಟ್ಟುಕೊಟ್ಟ.

1961ರಲ್ಲಿ ಜಾಕೋಬ್ ಮತ್ತು ಮೊನೋ ಬರೆದ ದೀರ್ಘ ಪ್ರಬಂಧದಲ್ಲಿ ಇದೆಲ್ಲ ಒಂದು ಚಿತ್ರವಾಯಿತು. ಕಿಣ್ವದ ಜೀನ್, ಸಕ್ಕರೆಯನ್ನು ಒಳಗೆ ತರುವ ಬಾಗಿಲಿನ ಜೀನ್ ಇವೆಲ್ಲ ಒಂದೇ ಸಾಲಿನಲ್ಲಿ, ಒಂದೇ ಬೀಗದ ಕೆಳಗೆ. ಅದಕ್ಕೆ 'ಆಪರಾನ್' ಎಂದು ಹೆಸರು. 1965ರಲ್ಲಿ ಲ್ವಾಫ್, ಜಾಕೋಬ್, ಮೊನೋ ಮೂವರಿಗೂ ನೊಬೆಲ್ ಬಂತು. 1966ರಲ್ಲಿ ಹಾರ್ವರ್ಡ್‌ನ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೋ ಮುಲ್ಲರ್-ಹಿಲ್ ಆ ತಡೆಯುವ ವಸ್ತುವನ್ನು, ಅಂದರೆ ರಿಪ್ರೆಸರ್ ಎಂಬ ಪ್ರೋಟೀನನ್ನು, ಬೇರ್ಪಡಿಸಿ ತೋರಿಸಿದರು. ಒಂದು ಜೀವಕೋಶದಲ್ಲಿ ಅದು ಇರುವುದು ಸುಮಾರು ಹತ್ತು. ಹತ್ತು ಜನ ಕಾವಲುಗಾರರು, ಅಷ್ಟೇ.

*

ಇಲ್ಲಿಗೆ ಮುಗಿಯಿತು ಎಂದು ಪಠ್ಯಪುಸ್ತಕಗಳು ಮಂಗಳ ಹಾಡುತ್ತವೆ. ಜೀನ್ ಎಂದರೆ ಹೆಡ್ ಆಫೀಸು, ಕಿಣ್ವ ಎಂದರೆ ಕೌಂಟರಿನ ಗುಮಾಸ್ತ. ಮೇಲಿಂದ ಸರ್ಕ್ಯುಲರ್ ಬರುತ್ತದೆ, ಕೆಳಗೆ ಕೆಲಸ ನಡೆಯುತ್ತದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತ ನನಗೆ ಮಾತ್ರ ಇದು ಪೂರ್ತಿ ನಂಬಿಕೆಯಾಗಲಿಲ್ಲ. ಹೆಡ್ ಆಫೀಸಿಗೆ ಏನು ಗೊತ್ತಾಗಬೇಕಾದರೂ ಕೌಂಟರಿನಿಂದ ಒಂದು ಚೀಟಿ ಹೋಗಲೇಬೇಕು. ಯಾವ ಶಾಖೆಗೆ ಎಷ್ಟು ನಗದು ಬೇಕು ಎಂದು ಹೇಳುವುದು ಆ ದಿನದ ಕ್ಯಾಶಿಯರಿನ ಲೆಕ್ಕವೇ ಹೊರತು ಚೇರ್ಮನ್ನರ ಜ್ಞಾನವಲ್ಲ.

ಬ್ಯಾಕ್ಟೀರಿಯಾದಲ್ಲೂ ಹಾಗೇ ಇತ್ತು! ನೊಬೆಲ್ ಬಂದ ಅದೇ 1965ರಲ್ಲಿ ಮೊನೋನ ತಂಡದಿಂದಲೇ ಇನ್ನೊಂದು ಪ್ರಬಂಧ ಹೊರಬಂತು. ಕಿಣ್ವವೇ ಇಲ್ಲದ ಬ್ಯಾಕ್ಟೀರಿಯಾಕ್ಕೆ ಹಾಲಿನ ಸಕ್ಕರೆ ಕೊಟ್ಟರೆ ಬೀಗ ತೆರೆಯುವುದೇ ಇಲ್ಲ ಎಂದು ಅದರಲ್ಲಿತ್ತು. ಐಪಿಟಿಜಿ ಕೊಟ್ಟರೆ ತೆರೆಯುತ್ತದೆ, ಆದರೆ ಅಸಲಿ ಹಾಲಿನ ಸಕ್ಕರೆಗೆ ತೆರೆಯುವುದಿಲ್ಲ. ಅಂದರೆ ಲ್ಯಾಕ್ಟೋಸ್ ಬೀಗದಕೈ ಅಲ್ಲವೇ ಅಲ್ಲ. 1972ರಲ್ಲಿ ಅಲನ್ ಜೋಬ್ ಮತ್ತು ಸುಝಾನ್ ಬೂರ್ಜ್ವಾ ನಿಜವಾದ ಬೀಗದಕೈ ಯಾವುದೆಂದು ತೋರಿಸಿದರು. ಅದು ಅಲೋಲ್ಯಾಕ್ಟೋಸ್. ಲ್ಯಾಕ್ಟೋಸ್‌ನಲ್ಲಿರುವ ಎರಡೇ ಸಕ್ಕರೆಗಳು, ಆದರೆ ಜೋಡಣೆಯ ಜಾಗ ಬೇರೆ. ಅದನ್ನು ಮಾಡುವುದು ಬೀಟಾ-ಗ್ಯಾಲಕ್ಟೋಸಿಡೇಸ್. ಕಿಣ್ವ ಲ್ಯಾಕ್ಟೋಸನ್ನು ಒಡೆಯುವಾಗ ಪ್ರತಿ ಸಲವೂ ಪೂರ್ತಿ ಒಡೆಯುವುದಿಲ್ಲ, ಕೆಲವು ಸಲ ತುಂಡನ್ನು ಬೇರೆ ಜಾಗದಲ್ಲಿ ಮತ್ತೆ ಅಂಟಿಸಿಬಿಡುತ್ತದೆ. ಹಾಗೆ ಅಂಟಿಸಿದ್ದೇ ಬೀಗದಕೈ. ಗುಮಾಸ್ತನೇ ತನ್ನ ಕೆಲಸದ ನಡುವೆ ಒಂದು ಚೀಟಿ ಬರೆದು ಮೇಲಕ್ಕೆ ಕಳಿಸುತ್ತಾನೆ: ಮಾಲು ಬಂದಿದೆ, ಜನ ಕಳಿಸಿ.

ಇದು ಮೊದಲೇ ಯಾಕೆ ಕಣ್ಣಿಗೆ ಬೀಳಲಿಲ್ಲ? ಎಲ್ಲ ಪ್ರಯೋಗವೂ ಆ ನಕಲಿ ಸಕ್ಕರೆಗಳಿಂದ ನಡೆಯುತ್ತಿತ್ತಲ್ಲ! ಅವಕ್ಕೆ ಕಿಣ್ವದ ಹಂಗಿಲ್ಲ, ನೇರವಾಗಿ ಬೀಗಕ್ಕೇ ಕೈ ಹಾಕುತ್ತವೆ. ದೊಡ್ಡ ಸತ್ಯವನ್ನು ತೋರಿಸಿಕೊಟ್ಟ ಉಪಾಯವೇ ಇನ್ನೊಂದು ಸತ್ಯವನ್ನು ಮರೆಮಾಡಿತ್ತು. ನನಗೆ ನಮ್ಮ ಶಾಖೆಗೆ ಕಂಪ್ಯೂಟರ್ ಬಂದ ದಿನಗಳು ನೆನಪಾದವು. ಪರೀಕ್ಷೆಗೆಂದು ಹಾಕಿದ ಡಮ್ಮಿ ಎಂಟ್ರಿಗಳೆಲ್ಲ ಪೈಸೆ ಪೈಸೆ ತಾಳೆಯಾಗಿದ್ದವು. ಮರುದಿನ ನಿಜವಾದ ಗ್ರಾಹಕರು ಬಂದು ನಿಂತಾಗ ರಾತ್ರಿ ಹನ್ನೊಂದಾದರೂ ಕ್ಯಾಶ್ ಕೂಡಲಿಲ್ಲ.

*

ಇನ್ನು ಆ ಎರಡು ಗುಡ್ಡಗಳ ನಡುವಿನ ಬಯಲು. ಹಾಲಿನ ಸಕ್ಕರೆ ಎದುರಿಗಿದ್ದರೂ ಗ್ಲೂಕೋಸ್ ಮುಗಿಯುವ ತನಕ ಬ್ಯಾಕ್ಟೀರಿಯಾ ಅದನ್ನು ಯಾಕೆ ಮುಟ್ಟುವುದಿಲ್ಲ? ಗ್ಲೂಕೋಸ್ ಇದ್ದಾಗ ಇ. ಕೋಲೈಯಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಕಡಿಮೆಯಾಗುತ್ತದೆ ಎಂದು 1965ರಲ್ಲಿ ಮ್ಯಾಕ್‌ಮನ್ ಮತ್ತು ಸದರ್ಲೆಂಡ್ ಕಂಡುಹಿಡಿದರು. 1968ರಲ್ಲಿ ಆಗ್ನೆಸ್ ಉಲ್ಮಾನ್ ಎಂಬಾಕೆ ಮೊನೋ ಜತೆ ಸೇರಿ, ಅದೇ ಅಣುವನ್ನು ಹೊರಗಿನಿಂದ ಹಾಕಿದರೆ ಗ್ಲೂಕೋಸ್‌ನ ತಡೆ ಬಹುಮಟ್ಟಿಗೆ ಕಳಚುತ್ತದೆ ಎಂದು ತೋರಿಸಿದಳು. ಅದೇ ವರ್ಷ ಅಮೆರಿಕದ ಪರ್ಲ್‌ಮನ್ ಮತ್ತು ಪಾಸ್ತಾನ್ ಕೂಡ ಇದನ್ನೇ ಕಂಡರು. 1940ರಲ್ಲಿ ಎಳೆದ ಗೆರೆಗೆ ಮೊದಲ ಉತ್ತರ ಸಿಕ್ಕಾಗ ಮೊನೋಗೆ ಐವತ್ತೆಂಟು ವರ್ಷ. ನಮ್ಮಲ್ಲಾದರೆ ರಿಟೈರ್ಮೆಂಟಿನ ಹೊಸ್ತಿಲು.

ಈ ಉಲ್ಮಾನ್ ಬಂದ ದಾರಿಯನ್ನೂ ಹೇಳಬೇಕು. ಆಕೆ ಹಂಗೇರಿಯವಳು. 1956ರಲ್ಲಿ ಸೋವಿಯೆತ್ ವಿರುದ್ಧ ಎದ್ದ ದಂಗೆಯಲ್ಲಿ ಭಾಗಿಯಾಗಿದ್ದಳು, ಆಮೇಲೆ ದೇಶ ಬಿಟ್ಟು ಹೊರಡುವುದು ಅಸಾಧ್ಯವಾಗಿತ್ತು. ಮೊನೋ ವರ್ಷಗಟ್ಟಲೆ ಹೊಂಚುಹಾಕಿ ದಾರಿ ಹುಡುಕಿದ. 1960ರಲ್ಲಿ ಆಕೆಯನ್ನೂ ಗಂಡನನ್ನೂ ಒಂದು ಪ್ರವಾಸಿ ಗಾಡಿಯ ಸ್ನಾನದ ತೊಟ್ಟಿಯ ಕೆಳಗೆ ಅಡಗಿಸಿ ಗಡಿ ದಾಟಿಸಿದರು. ಜಿರಾಫೆಯ ಕಾಲಿನಲ್ಲಿ ಕಾಗದ ಅಡಗಿಸಿದವನಿಗೆ ಇದೇನು ಹೊಸದಲ್ಲ.

ಮುಂದೆ ಗೊತ್ತಾದದ್ದು ಇನ್ನೂ ಸ್ವಾರಸ್ಯವಾಗಿದೆ. ಗ್ಲೂಕೋಸನ್ನು ಒಳಗೆ ತರಲು ಬ್ಯಾಕ್ಟೀರಿಯಾದಲ್ಲಿ ಕಿಣ್ವಗಳ ಒಂದು ಸಾಲೇ ಇದೆ. ಒಬ್ಬರಿಂದ ಒಬ್ಬರಿಗೆ ಬಕೆಟ್ ದಾಟಿಸುವ ಹಾಗೆ ಅವು ಒಂದು ಫಾಸ್ಫೇಟ್ ತುಂಡನ್ನು ದಾಟಿಸಿ ಕೊನೆಗೆ ಗ್ಲೂಕೋಸ್‌ಗೆ ಅಂಟಿಸುತ್ತವೆ. ಇಂಥ ವ್ಯವಸ್ಥೆಯೊಂದು ಇದೆ ಎಂದು 1964ರಲ್ಲಿ ವರ್ನರ್ ಕುಂಡಿಗ್, ಸುಧಾಮಯ ಘೋಷ್ ಮತ್ತು ಸಾಲ್ ರೋಸ್‌ಮನ್ ಪ್ರಕಟಿಸಿದ್ದರು. ಸಾಲಿನಲ್ಲಿರುವ ಒಂದು ಪ್ರೋಟೀನನ್ನು ನೋಡಿ. ಗ್ಲೂಕೋಸ್ ಬರುತ್ತಿದ್ದರೆ ಅದರ ಕೈ ಖಾಲಿಯಾಗುತ್ತಿರುತ್ತದೆ. ಖಾಲಿ ಕೈಯಿಂದ ಅದು ಹೋಗಿ ಹಾಲಿನ ಸಕ್ಕರೆಯ ಬಾಗಿಲನ್ನು ಅಡ್ಡ ಹಿಡಿದು ನಿಲ್ಲುತ್ತದೆ. ಗ್ಲೂಕೋಸ್ ಮುಗಿದ ಮೇಲೆ ಅದರ ಕೈಯಲ್ಲಿ ಫಾಸ್ಫೇಟ್ ಉಳಿಯುತ್ತದೆ. ಆಗ ಬಾಗಿಲು ಬಿಟ್ಟು, ಸೈಕ್ಲಿಕ್ ಎಎಂಪಿ ಮಾಡುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಜೀನ್‌ಗಳಿಗೆ ಸುದ್ದಿ ಮುಟ್ಟಿಸುವುದು ಹೊರೆ ಹೊರುವ ಹಮಾಲನೇ! 1996ರಲ್ಲಿ ಜಪಾನಿನ ಇನಾದಾ, ಕಿಮಾಟಾ ಮತ್ತು ಐಬಾ ಇನ್ನೊಂದು ತಿದ್ದುಪಡಿ ತಂದರು. ಗ್ಲೂಕೋಸ್-ಲ್ಯಾಕ್ಟೋಸ್ ಜೋಡಿಯಲ್ಲಿ ಮುಖ್ಯ ಕಾರಣ ಸೈಕ್ಲಿಕ್ ಎಎಂಪಿ ಕಡಿಮೆಯಾಗುವುದಲ್ಲ, ಬಾಗಿಲು ಅಡ್ಡಗಟ್ಟುವುದೇ ಎಂದು ತೋರಿಸಿದರು. 1968ರ ಉತ್ತರವೂ ಪೂರ್ತಿಯಾಗಿರಲಿಲ್ಲ. ಮೊನೋ ಅಷ್ಟರಲ್ಲಿ ಇರಲಿಲ್ಲ, 1976ರಲ್ಲೇ ತೀರಿಕೊಂಡಿದ್ದ. ಇದ್ದಿದ್ದರೆ ಬೇಸರಪಡುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಕೆಲವು ಕಿಣ್ವಗಳಂತೂ ಚೀಟಿ ಬರೆಯುವುದನ್ನೂ ಬಿಟ್ಟು ತಾವೇ ಹೋಗಿ ಜೀನ್ ಮೇಲೆ ಕೂರುತ್ತವೆ. ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಒಡೆಯುವ ಪುಟ್‌ಎ ಎಂಬ ಕಿಣ್ವವಿದೆ. ಪ್ರೋಲಿನ್ ಇಲ್ಲದಾಗ ಅದು ತನ್ನದೇ ಜೀನ್ ಮೇಲೆ ಕೂತು ಬಾಯಿ ಮುಚ್ಚಿಸುತ್ತದೆ. ಪ್ರೋಲಿನ್ ಬಂದರೆ ಎದ್ದು ಜೀವಕೋಶದ ಪೊರೆಗೆ ಹೋಗಿ ಕೆಲಸಕ್ಕೆ ಇಳಿಯುತ್ತದೆ. ಬಯೋಟಿನ್ ಎಂಬ ವಿಟಮಿನ್ನನ್ನು ಪ್ರೋಟೀನ್‌ಗಳಿಗೆ ಜೋಡಿಸುವ ಬಿರ್‌ಎ ಎಂಬ ಕಿಣ್ವವೂ ಹೀಗೆ. ಜೋಡಿಸುವ ಕೆಲಸ ಮುಗಿದು ಕೈ ಬಿಡುವಾದರೆ, ಬಯೋಟಿನ್ ತಯಾರಿಸುವ ಜೀನ್‌ಗಳನ್ನು ತಾನೇ ಹೋಗಿ ನಿಲ್ಲಿಸುತ್ತದೆ. ಒಬ್ಬನೇ ಮನುಷ್ಯ, ಎರಡು ಕುರ್ಚಿ. ಸಣ್ಣ ಶಾಖೆಯಲ್ಲಿ ಕೆಲಸ ಮಾಡಿದವರಿಗೆ ಇದು ಅಚ್ಚರಿಯಲ್ಲ :)

*

ಈಗ ನನ್ನ ಮೊದಲ ಪ್ರಶ್ನೆ. ಬೀಗದಕೈ ಮಾಡುವ ಕಿಣ್ವ ಬೀಗದ ಒಳಗಿದೆ, ಸಕ್ಕರೆ ತರುವ ಬಾಗಿಲೂ ಅದೇ ಬೀಗದ ಒಳಗೆ. ಹಾಗಿದ್ದರೆ ಮೊದಲ ಸಲ ತೆರೆದದ್ದು ಹೇಗೆ?

ಉತ್ತರ ಎಷ್ಟು ಸರಳ ನೋಡಿ. ಬೀಗ ಪೂರ್ತಿ ಹಾಕಿರುವುದೇ ಇಲ್ಲ. ಕಾವಲುಗಾರ ಪ್ರೋಟೀನು ಜೀನ್ ಮೇಲೆ ಅಂಟಿಕೊಂಡಿದ್ದರೂ ಆಗೊಮ್ಮೆ ಈಗೊಮ್ಮೆ ಜಾರುತ್ತದೆ. ಆ ಕ್ಷಣದಲ್ಲಿ ಒಂದೆರಡು ಕಿಣ್ವ, ಒಂದೆರಡು ಬಾಗಿಲು ತಯಾರಾಗಿಬಿಡುತ್ತವೆ. ಹಾಲಿನ ಸಕ್ಕರೆಯ ಸುಳಿವೇ ಇಲ್ಲದಾಗಲೂ ಜೀವಕೋಶದಲ್ಲಿ ಬೆರಳೆಣಿಕೆಯಷ್ಟು ಕಿಣ್ವ ಇದ್ದೇ ಇರುತ್ತದೆ. ಲೆಕ್ಕಪರಿಶೋಧಕರು ನೋಡಿದರೆ ಸೋರಿಕೆ ಎನ್ನುತ್ತಾರೆ, ದಂಡ ಖರ್ಚು ಎನ್ನುತ್ತಾರೆ. ಆದರೆ ಸಕ್ಕರೆ ಬಂದ ದಿನ ಆ ಬೆರಳೆಣಿಕೆಯವೇ ಮೊದಲ ಬೀಗದಕೈ ಮಾಡುವುದು. ಆಮೇಲೆ ಒಂದರಿಂದ ಹತ್ತು, ಹತ್ತರಿಂದ ನೂರು, ಕೊನೆಗೆ ಕಿಣ್ವ ಸುಮಾರು ಸಾವಿರ ಪಟ್ಟಿಗೆ ಏರುತ್ತದೆ. ಸೋರಿಕೆ ಇಲ್ಲದ ಬೀಗವಾಗಿದ್ದರೆ ಹಾಲಿನ ಕಡಲಿನಲ್ಲಿ ಕೂತು ಬ್ಯಾಕ್ಟೀರಿಯಾ ಉಪವಾಸ ಸಾಯುತ್ತಿತ್ತು.

ಇದನ್ನು ಓದಿದ ದಿನ ನಾನು ಲೋಕಲ್ಲಿನಲ್ಲಿ ಪುಸ್ತಕ ಮುಚ್ಚಿ ಕಿಟಕಿಯ ಹೊರಗೆ ನೋಡುತ್ತ ಕೂತೆ. ಸ್ಟೇಶನ್ ದಾಟಿ ಹೋಗಿದ್ದೂ ಗೊತ್ತಾಗಲಿಲ್ಲ.

1992. ಉತ್ತರ ಕನ್ನಡದ ಹಳ್ಳಿಯಿಂದ ಬಿ.ಕಾಂ. ಸರ್ಟಿಫಿಕೇಟು ಹಿಡಿದು ಬೊಂಬಾಯಿಗೆ ಬಂದಿದ್ದೆ. ಮಸ್ಜಿದ್ ಬಂದರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಆರು ಜನರ ನಡುವೆ ಒಂದು ಖೋಲಿ. ಊರಿಗೆ ಹಣ ಕಳಿಸಿ ಉಳಿದದ್ದನ್ನು ಚಡ್ಡಿಯ ಜೇಬಿನಲ್ಲಿ ಇಟ್ಟುಕೊಂಡು ಮಲಗಬೇಕು. ಖಾತೆ ತೆರೆಯಲು ಒಂದು ಬ್ಯಾಂಕಿಗೆ ಹೋದೆ. ಆಗಿನ ನಿಯಮ ಗೊತ್ತಲ್ಲ, ಅಲ್ಲಿ ಈಗಾಗಲೇ ಖಾತೆ ಇರುವ ಒಬ್ಬರು ಪರಿಚಯದ ಸಹಿ ಹಾಕಬೇಕು. ನನ್ನ ಖೋಲಿಯ ಆರೂ ಜನರಿಗೆ ಖಾತೆ ಇರಲಿಲ್ಲ, ಅವರಿಗೂ ಸಹಿ ಹಾಕುವವರು ಸಿಕ್ಕಿರಲಿಲ್ಲ! ಕೌಂಟರಿನವರು ತಲೆ ಎತ್ತದೆ ಫಾರಂ ವಾಪಸು ತಳ್ಳಿದರು. ಮೂರು ಸಲ ಹೋದೆ, ಮೂರು ಸಲವೂ ಅದೇ.

ಕೊನೆಗೆ ಮಾಟುಂಗಾದಲ್ಲಿ ನಾನು ಊಟ ಮಾಡುತ್ತಿದ್ದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಶೆಟ್ರು ನನ್ನ ಮುಖ ನೋಡಿ, "ಏನು ಮಾರಾಯ?" ಎಂದು ಕೇಳಿದರು. ಹೇಳಿದೆ. ನನ್ನ ಊರಿನವರಲ್ಲ, ಜಾತಿಯವರಲ್ಲ, ಕನ್ನಡ ಒಂದೇ ಸಂಬಂಧ. ನಿಯಮದ ಪ್ರಕಾರ ಅವರು ನನ್ನನ್ನು ಆರು ತಿಂಗಳಿಂದ ಬಲ್ಲೆ ಎಂದು ಬರೆಯಬೇಕಿತ್ತು, ಬಲ್ಲದ್ದು ಎರಡು ತಿಂಗಳಿಂದ. ಸುಮ್ಮನೆ ಪೆನ್ನು ತೆಗೆದು ಸಹಿ ಹಾಕಿದರು. ಆ ಖಾತೆ ತೆರೆಯಿತು. ಮುಂದೆ ನಾನು ನನ್ನ ಖೋಲಿಯ ಐವರಿಗೂ ಸಹಿ ಹಾಕಿದೆ. ಅವರು ಇನ್ನೆಷ್ಟು ಜನಕ್ಕೆ ಹಾಕಿದರೋ ಲೆಕ್ಕವಿಲ್ಲ. ಎರಡು ವರ್ಷದ ಮೇಲೆ ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಪಾಸಾಗಿ ಕೌಂಟರಿನ ಆಚೆ ಬದಿಗೆ ನಾನೇ ಬಂದು ಕೂತೆ.

ಈಗ ಪರಿಚಯದ ಸಹಿ ಬೇಕಿಲ್ಲ, ಬೆರಳು ಒತ್ತಿದರೆ ಸಾಕು. ನಿಯಮ ಬೇಡ ಎಂದು ನಾನು ಹೇಳುತ್ತಿಲ್ಲ, ನಿಯಮ ಪಾಲಿಸಿಯೇ ಅನ್ನ ತಿಂದವನು ನಾನು. ಕಾವಲುಗಾರ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬೇಡದ ಕಿಣ್ವ ಮಾಡಿ ಮಾಡಿ ಸೊರಗುತ್ತದೆ. ಆದರೆ ಎಷ್ಟೋ ಕೋಟಿ ವರ್ಷ ಉಳಿದು ಬಂದ ಆ ಬೀಗದಲ್ಲೂ ಕೂದಲೆಳೆಯಷ್ಟು ಸಂದು ಇದೆ ಎಂಬುದು ನನಗೆ ಸಣ್ಣ ವಿಷಯ ಎನಿಸಲಿಲ್ಲ.

ರಾತ್ರಿ ಮಗಳಿಗೆ ಶೆಟ್ರ ಕತೆ ಹೇಳಿದೆ. ಇಷ್ಟು ವರ್ಷ ಯಾಕೆ ಹೇಳಿರಲಿಲ್ಲವೋ ಗೊತ್ತಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ, ಆ ಶೆಟ್ರು ಈಗ ಎಲ್ಲಿದ್ದಾರೆ?" ಎಂದಳು. ಹೋಟೆಲ್ ಮುಚ್ಚಿ ಎಷ್ಟೋ ವರ್ಷವಾಯಿತು. ನಾನು ವಿಚಾರಿಸಲೇ ಇಲ್ಲ.

ಅವತ್ತಿನಿಂದ ವಿಚಾರಿಸುತ್ತಿದ್ದೇನೆ. ನಿಮಗೂ ಈ ಊರಿನಲ್ಲೋ ಆ ಊರಿನಲ್ಲೋ ಮೊದಲ ಸಹಿ ಹಾಕಿದವರು ಒಬ್ಬರು ಇದ್ದೇ ಇರುತ್ತಾರೆ. ಯಾರೆಂದು ಒಮ್ಮೆ ನೆನಪು ಮಾಡಿಕೊಳ್ಳಿ. ಇದ್ದರೆ ಒಂದು ಫೋನ್ ಮಾಡಿ.